ದಾವಣಗೆರೆಗೆ ಕಾರ್ ಶೇರಿಂಗ್ ಮಾಡೆಲ್: 24 ಪಾಯಿಂಟ್ ಕೊಟ್ಟರೂ ಸಾಲ್ವರ್ ಮೂರನ್ನೇ ತೆರೆಯುತ್ತಿದೆ

ಸಂಶೋಧಕಿ_ವಿದ್ಯಾನಗರ:

ಪಿಎಚ್‌ಡಿಗೆ ದಾವಣಗೆರೆಯನ್ನೇ ಅಧ್ಯಯನದ ಊರಾಗಿ ಇಟ್ಟುಕೊಂಡು ಕಾರ್ ಶೇರಿಂಗ್ (ಸ್ವಲ್ಪ ಹೊತ್ತಿಗೆ ಕಾರು ಬಾಡಿಗೆಗೆ ಪಡೆದು ಗಿರಾಕಿಯೇ ಓಡಿಸುವ ವ್ಯವಸ್ಥೆ) ಮಾಡೆಲ್ ಬರೆದಿದ್ದೇನೆ. ಪಾಯಿಂಟ್ (ಕಾರು ತೆಗೆದುಕೊಳ್ಳುವ, ಬಿಡುವ ಜಾಗ) ಎಲ್ಲಿ ಇಡಬೇಕು, ಒಂದೊಂದರಲ್ಲಿ ಎಷ್ಟು ಪಾರ್ಕಿಂಗ್ ಜಾಗ, ಒಟ್ಟು ಎಷ್ಟು ಕಾರು, ಖಾಲಿ ಕಾರನ್ನು ಯಾವಾಗ ಎಲ್ಲಿಂದ ಎಲ್ಲಿಗೆ ಸಾಗಿಸಬೇಕು: ನಾಲ್ಕೂ ಸಾಲ್ವರ್ ಎಂಬ ಸಾಫ್ಟ್‌ವೇರ್ ಬಿಡಿಸುವ ಒಂದೇ ಮಿಶ್ರ ಪೂರ್ಣಾಂಕ (ಕೆಲವು ಉತ್ತರಗಳು ಪೂರ್ಣ ಸಂಖ್ಯೆಯೇ ಆಗಬೇಕಾದ) ಮಾಡೆಲ್‌ನಲ್ಲಿವೆ. ಒನ್-ವೇ ಪದ್ಧತಿ, ಅಂದರೆ ಒಂದು ಪಾಯಿಂಟ್‌ನಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು.

ರೈಲು ನಿಲ್ದಾಣ, ಬಸ್ ನಿಲ್ದಾಣ, ಜಯದೇವ ವೃತ್ತ, ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ನಿಟುವಳ್ಳಿ, ಶಾಮನೂರು ರಸ್ತೆ, ಹದಡಿ ರಸ್ತೆ, ಮಂಡಿಪೇಟೆ ಹೀಗೆ 24 ಜಾಗ ಗುರುತಿಸಿದ್ದೇನೆ. ಬೆಳಿಗ್ಗೆ 6ರಿಂದ ರಾತ್ರಿ 12ರವರೆಗೆ 15 ನಿಮಿಷದ 72 ಹೊತ್ತುಗಳು. ಮನೆ ಸರ್ವೆಯ ಪ್ರಯಾಣ ಪಟ್ಟಿಯಿಂದ ಶೇಕಡಾ ಲೆಕ್ಕದಲ್ಲಿ ದಿನಕ್ಕೆ 600 ಪ್ರಯಾಣ ತೆಗೆದು ಎಲ್ಲ ಜೋಡಿಗಳಿಗೂ ಹಂಚಿದ್ದೇನೆ. ಪ್ರಯಾಣದ ಚರಾಂಕಗಳೇ (ಸಾಲ್ವರ್ ಕಂಡುಹಿಡಿಯಬೇಕಾದ ಅಂಕಿಗಳು) 24 × 24 × 72 = 41,472. ಕಾರು ಸಾಗಿಸಲು 4 ಡ್ರೈವರ್. ಪಾಯಿಂಟ್ ತೆರೆದರೆ ಮಾತ್ರ ಕಾರು ನಿಲ್ಲಬಹುದು ಎಂಬ ನಿರ್ಬಂಧಕ್ಕೆ ಬಿಗ್-ಎಂ (ತೆರೆದ ಪಾಯಿಂಟ್‌ನ ಕಾರುಗಳಿಗೆ ಮೇಲ್ಮಿತಿಯಾಗಿ ಕೊಡುವ ದೊಡ್ಡ ಸಂಖ್ಯೆ) 1000. ಗುರಿ: ನಿರ್ವಾಹಕನ ಲಾಭ ಗರಿಷ್ಠ.

ಹತ್ತು ಗಂಟೆ ಓಡಿಸಿದರೂ ಗ್ಯಾಪ್ (ಸಿಕ್ಕ ಉತ್ತರಕ್ಕೂ ಸಾಲ್ವರ್ ಹೇಳುವ ಮೇಲಿನ ಮಿತಿಗೂ ನಡುವಿನ ಅಂತರ) ಶೇ. 18ರಿಂದ ಕೆಳಗಿಳಿಯುತ್ತಿಲ್ಲ. ಅಲ್ಲಿಯವರೆಗಿನ ಉತ್ತರದಲ್ಲಿ ಮೂರೇ ಪಾಯಿಂಟ್, 22 ಕಾರು, ಬೇಡಿಕೆಯ ಕಾಲು ಭಾಗಕ್ಕಷ್ಟೇ ಸೇವೆ. ಮಾಡೆಲ್ ತಪ್ಪೋ, ಊರೇ ಹಾಗೋ? ರೌಂಡ್ ಟ್ರಿಪ್‌ಗೆ (ತೆಗೆದುಕೊಂಡ ಪಾಯಿಂಟ್‌ಗೇ ಕಾರನ್ನು ಮರಳಿಸುವ ಪದ್ಧತಿ) ಇಳಿದರೆ ವೈವಾದಲ್ಲಿ "ಇದರಲ್ಲಿ ಹೊಸದೇನು" ಎಂದು ಕೇಳುತ್ತಾರೆ ಎಂಬ ಆತಂಕವೂ ಇದೆ. ಬೇಡಿಕೆಯ ಅಂಕಿಯನ್ನು ಸಮರ್ಥಿಸಿಕೊಳ್ಳುವುದು ಹೇಗೆ ಎಂಬುದನ್ನೂ ತಿಳಿಸಿ.

—

ಹರಿಹರ_ಓಆರ್:

ಮೇಡಂ, ಮಾಡೆಲ್ ನೀವು ಹೇಳಿದಂತೆಯೇ ನಡೆದುಕೊಂಡಿದೆ. ತೊಂದರೆ ಇರುವುದು ಅದಕ್ಕೆ ಕೊಟ್ಟ ಸ್ವಾತಂತ್ರ್ಯದಲ್ಲಿ ಮತ್ತು ಬೇಡಿಕೆಯನ್ನು ತುಂಬಿದ ರೀತಿಯಲ್ಲಿ.

ಬೇಡಿಕೆಯಿಂದ ಶುರು ಮಾಡೋಣ. 600 ಪ್ರಯಾಣವನ್ನು ಪಟ್ಟಿಯ 41,472 ಚೌಕಗಳಿಗೆ (ಒಂದು ಜೋಡಿ, ಒಂದು ಹೊತ್ತು ಸೇರಿ ಒಂದು ಚೌಕ) ಹಂಚಿದರೆ ಒಂದು ಚೌಕಕ್ಕೆ ಸರಾಸರಿ 0.0145 ಪ್ರಯಾಣ ಬೀಳುತ್ತದೆ. ಇದನ್ನು ಪೂರ್ಣಾಂಕಕ್ಕೆ ಇಳಿಸಿದರೆ ಬಹುತೇಕ ಎಲ್ಲ ಚೌಕವೂ ಸೊನ್ನೆ. ಇಳಿಸದೆ ಬಿಟ್ಟರೆ ಕಾರಿನ ಚೂರು ಚೂರು ಊರೆಲ್ಲ ಓಡಾಡುತ್ತದೆ. ನಿಮ್ಮ ಉತ್ತರದಲ್ಲಿ ಉಳಿದ ಮೂರು ಪಾಯಿಂಟ್‌ಗಳು ಬೇಡಿಕೆ ಒಂದಿಷ್ಟು ದಟ್ಟವಾಗಿರುವ ಜಾಗಗಳೇ ಇರಬೇಕು, ತೆಗೆದು ನೋಡಿ. ಸರಾಸರಿಯನ್ನು ಮಾಡೆಲ್‌ಗೆ ಕೊಡಬೇಡಿ. ಅದರಿಂದ ಪಾಯ್ಸಾನ್ ಮಾದರಿಯಲ್ಲಿ (ಆಕಸ್ಮಿಕವಾಗಿ ಬರುವ ಬೇಡಿಕೆಗಳ ಎಣಿಕೆಗೆ ಬಳಸುವ ಸಂಭವನೀಯತೆಯ ಸೂತ್ರ) ಒಂದೊಂದು ದಿನದ ಪ್ರಯಾಣಗಳನ್ನು ಹೆಕ್ಕಿ, ಇಂಥ ಹೊತ್ತಿಗೆ ಇಲ್ಲಿಂದ ಅಲ್ಲಿಗೆ ಎಂಬ ಬಿಡಿ ಬೇಡಿಕೆಗಳ ಪಟ್ಟಿ ಮಾಡಿ. ಆಗ ಪ್ರತಿ ಬೇಡಿಕೆಗೆ ಒಂದು ಹೌದು/ಇಲ್ಲ ಚರಾಂಕ ಸಾಕು: 41,472ರ ಬದಲು 600. ಇಂಥ 20–30 ದಿನಗಳ ಪಟ್ಟಿಯನ್ನು ಒಟ್ಟಿಗೆ ಇಟ್ಟು ಪಾಯಿಂಟ್ ಮತ್ತು ಕಾರಿನ ಸಂಖ್ಯೆಯನ್ನು ಎಲ್ಲ ದಿನಕ್ಕೂ ಒಂದೇ ಎಂದು ಕಟ್ಟಿ. ಒಂದೇ ದಿನದ ಪಟ್ಟಿ ಇಟ್ಟರೆ ಉತ್ತರ ಆ ದಿನಕ್ಕೆ ಹೊಲಿದ ಅಂಗಿಯಾಗುತ್ತದೆ, ಮರುದಿನಕ್ಕೆ ಹಿಡಿಯುವುದಿಲ್ಲ.

ಗ್ಯಾಪ್ ಕದಲದಿರುವುದಕ್ಕೆ ಮುಖ್ಯ ಕಾರಣ ಬಿಗ್-ಎಂ. ಒಂದು ಜಾಗದಲ್ಲಿ ಹೆಚ್ಚೆಂದರೆ 8 ಕಾರು ನಿಲ್ಲುತ್ತವೆ ಅಂದುಕೊಳ್ಳಿ. ನೀವು 1000 ಕೊಟ್ಟಿರುವುದರಿಂದ ಲೀನಿಯರ್ ಸಡಿಲಿಕೆಯಲ್ಲಿ (ಪೂರ್ಣಾಂಕದ ಷರತ್ತು ಬಿಟ್ಟು ಬಿಡಿಸುವ ಹಂತ) ಸಾಲ್ವರ್ ಆ ಪಾಯಿಂಟನ್ನು 0.008ರಷ್ಟು ಮಾತ್ರ ತೆರೆದು, ಬಾಡಿಗೆಯಲ್ಲಿ ಶೇ. 0.8 ಕೊಟ್ಟು, ಎಂಟೂ ಕಾರು ನಿಲ್ಲಿಸಿಬಿಡುತ್ತದೆ. ಮೇಲಿನ ಮಿತಿ ಸುಳ್ಳಾಗಿ ಎತ್ತರದಲ್ಲೇ ಕೂತಿರುತ್ತದೆ. ಎಂ ಅಂದರೆ ಆಯಾ ಜಾಗದ ನಿಜವಾದ ಪಾರ್ಕಿಂಗ್ ಮಿತಿ, ಪ್ರತಿ ಪಾಯಿಂಟ್‌ಗೆ ಬೇರೆ ಬೇರೆ. ಇದೊಂದನ್ನು ಸರಿಪಡಿಸಿದರೇ ಓಟ ಬದಲಾಗುತ್ತದೆ.

ಇನ್ನೊಂದು ಕಾರಣ ಆ ನಾಲ್ಕು ಡ್ರೈವರ್. ಪಾಯಿಂಟ್‌ಗಳನ್ನೂ ಪಾರ್ಕಿಂಗ್ ಜಾಗವನ್ನೂ ಮೊದಲೇ ನಿಗದಿ ಮಾಡಿ ಕಾರಿನ ಹರಿವನ್ನಷ್ಟೇ ಬಿಟ್ಟರೆ ಅದು, ಬಾಣಗಳ ಜಾಲದಲ್ಲಿ ಕಾರು ಹರಿಯುವ ಲೆಕ್ಕವಾದ, ಅಪ್ಪಟ ನೆಟ್‌ವರ್ಕ್ ಫ್ಲೋ. ಬೇಡಿಕೆ ಪೂರ್ಣಾಂಕವಾಗಿದ್ದರೆ ಲೀನಿಯರ್ ಆಗಿ ಬಿಡಿಸಿದರೂ ಉತ್ತರ ಪೂರ್ಣಾಂಕವೇ ಬರುತ್ತದೆ. ಕಾರು ಸಾಗಿಸುವ ಪ್ರತಿ ಬಾಣಕ್ಕೆ ಡ್ರೈವರ್‌ನ ಬಾಣವನ್ನು ಕಟ್ಟಿದ ಕೂಡಲೇ ಆ ಗುಣ ಹೋಗುತ್ತದೆ. ಹಾಗಾಗಿ ಎರಡು ಹಂತ ಮಾಡಿ: ಮೇಲೆ ಪಾಯಿಂಟ್ ಮತ್ತು ಜಾಗ, ಕೆಳಗೆ ಹರಿವು. ಹೀಗೆ ಒಡೆದು ಬಿಡಿಸುವ ಬೆಂಡರ್ಸ್ ವಿಭಜನೆ ಎಂಬ ವಿಧಾನಕ್ಕೆ ಇದು ತಕ್ಕ ಆಕಾರ. ಡ್ರೈವರ್ ಪಾಳಿಯನ್ನು ಕೊನೆಗೆ ಬೇರೆಯಾಗಿ ಬಿಡಿಸಿದರಾಯಿತು. ಗುರೋಬಿ ಎಂಬ ಸಾಲ್ವರ್‌ಗೆ ವಿಶ್ವವಿದ್ಯಾಲಯದವರಿಗೆ ಉಚಿತ ಲೈಸೆನ್ಸ್ ಇದೆ. ಅದಿಲ್ಲದಿದ್ದರೂ ಈ ಗಾತ್ರಕ್ಕೆ ಹೈಗ್ಸ್ ಎಂಬ ಉಚಿತ ಸಾಲ್ವರ್‌ನಲ್ಲೇ ಪ್ರಯತ್ನಿಸಬಹುದು.

ಬೇಡಿಕೆ ನಿರಾಕರಿಸುವ ವಿಷಯ. ಯಾವ ಪ್ರಯಾಣ ಬೇಕಾದರೂ ಬಿಡಬಹುದು ಎಂದು ಮಾಡೆಲ್‌ಗೆ ಅಧಿಕಾರ ಕೊಟ್ಟಿದ್ದೀರಿ. ಲಾಭದ ಗುರಿ ಇಟ್ಟರೆ ಅದು ಹೋಗಿ-ಬಂದು ತಾನೇ ಸರಿದೂಗುವ ಜೋಡಿಗಳನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಇದರ ಜೊತೆ ಇನ್ನೆರಡು ಪದ್ಧತಿಗಳನ್ನೂ ಓಡಿಸಿ ಹೋಲಿಸಿ: ಬಂದ ಬೇಡಿಕೆಗೆಲ್ಲ ಕಡ್ಡಾಯ ಸೇವೆ, ಪಾಯಿಂಟ್‌ನಲ್ಲಿ ಕಾರು ಇಲ್ಲದಾಗ ಮಾತ್ರ ನಿರಾಕರಣೆ. ಲಿಸ್ಬನ್ ನಗರದ ಮೇಲೆ ಬಂದ ಅಧ್ಯಯನವೊಂದು ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆ ಚೌಕಟ್ಟು ನಿಮಗೂ ಆಗುತ್ತದೆ. ಆ್ಯಪ್ ನಿಜವಾಗಿ ನಡೆದುಕೊಳ್ಳುವುದು ಮೂರನೆಯ ರೀತಿಯಲ್ಲಿ, ಆದ್ದರಿಂದ ಮುಖ್ಯ ಫಲಿತಾಂಶ ಅದರದ್ದೇ ಇರಲಿ.

ಪಾಯಿಂಟ್ ಸುತ್ತ ಕಂಪಾಸಿನಲ್ಲಿ 500 ಮೀಟರ್ ವೃತ್ತ ಎಳೆದಿದ್ದರೆ ಅದನ್ನೂ ಅಳಿಸಿ. ಹಳೇಪೇಟೆ ಕಡೆಗೂ ಹೊಸ ಬಡಾವಣೆಗಳ ಕಡೆಗೂ ನಡುವೆ ರೈಲುಹಳಿ ಇದೆ. ನಕ್ಷೆಯಲ್ಲಿ 300 ಮೀಟರ್ ಕಾಣುವುದು ಹಳಿ ದಾಟುವ ದಾರಿ ಹಿಡಿದರೆ ಒಂದು ಕಿಲೋಮೀಟರ್ ಮೀರಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆಜಾಲದ ಮೇಲೆ ನಡಿಗೆಯ ದೂರವನ್ನೇ ಲೆಕ್ಕ ಹಾಕಿ.

—

ಗಾಡಿ_ಉಸ್ತುವಾರಿ_ಕೆಎ17:

ಗಣಿತ ಮೇಲಿನವರು ಹೇಳಿದ್ದಾರೆ. ಗಾಡಿ ಓಡಿಸುವ ಕಡೆಯಿಂದ ಮಾಡೆಲ್‌ನಲ್ಲಿ ಕಾಣದಿರುವುದನ್ನು ಬರೆಯುತ್ತೇನೆ.

ಸೆಲ್ಫ್ ಡ್ರೈವ್ ಗಾಡಿಗೆ ಕಪ್ಪು ಪ್ಲೇಟ್, ಹಳದಿ ಅಕ್ಷರ. ಮೋಟಾರು ವಾಹನ ಕಾಯ್ದೆಯ 75ನೇ ಸೆಕ್ಷನ್, ಅದರಡಿ 1989ರ ರೆಂಟ್ ಎ ಕ್ಯಾಬ್ ಯೋಜನೆ. ಪರವಾನಗಿ ಬೇಕಾದರೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರುವ ಕನಿಷ್ಠ 50 ಕಾರು ಬೇಕು, ಅದರಲ್ಲಿ ಅರ್ಧದಷ್ಟಕ್ಕೆ ಎ.ಸಿ. ಇರಬೇಕು. ನಿಮ್ಮ 22 ಕಾರಿನ ಉತ್ತರಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ಒಟ್ಟು ಕಾರು ಸೊನ್ನೆ ಅಥವಾ 50 ಮತ್ತು ಮೇಲೆ ಎಂದು ಬರೆಯಬೇಕು. ದಾವಣಗೆರೆಗೆ ಮಾತ್ರ 50 ಹೆಚ್ಚಾಯಿತು ಅನ್ನಿಸಿದರೆ ಹರಿಹರ, ಚಿತ್ರದುರ್ಗ, ಶಿವಮೊಗ್ಗ ಸೇರಿಸಿ ಒಬ್ಬನೇ ನಿರ್ವಾಹಕ ಎಂದು ಇಟ್ಟು ನೋಡಿ. ಬೇರೆ ಬೇರೆ ಊರಿನಲ್ಲಿ ಗಾಡಿ ಇಡುವ ನಿಯಮವನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿ ಥೀಸಿಸ್‌ನಲ್ಲಿ ದಾಖಲಿಸಿ. ಬಿಳಿ ಪ್ಲೇಟಿನ ಸ್ವಂತ ಕಾರುಗಳನ್ನು ಬಾಡಿಗೆಗೆ ಬಿಡುವ ಮಾದರಿಯನ್ನು ಲೆಕ್ಕಕ್ಕೆ ತರಬೇಡಿ. ಪರ್ಮಿಟ್ ಇಲ್ಲದ ಓಟಕ್ಕೆ 192ಎ ಸೆಕ್ಷನ್ ಇದೆ.

ಒಂದು ಬುಕಿಂಗ್ ಮುಗಿದು ಮುಂದಿನದು ಶುರುವಾಗಲು 45 ನಿಮಿಷ ಬೇಕು. ಗೀರು-ತಗ್ಗಿನ ಫೋಟೋ, ಒಳಗೆ ಗುಡಿಸುವುದು, ಪೆಟ್ರೋಲ್ ನೋಡುವುದು, ಟೈರ್ ಗಾಳಿ. ಮದುವೆಗೆ ಹೋಗಿ ಬಂದ ಗಾಡಿಯಾದರೆ ಅಕ್ಕಿಕಾಳು, ಹೂವಿನೆಸಳು, ಸೀಟಿನ ಮೇಲೆ ಅರಿಶಿನದ ಕಲೆ: ಒಂದು ಗಂಟೆಗೂ ಹೆಚ್ಚು. ಮಾಡೆಲ್‌ನಲ್ಲಿ ಈ ಹೊತ್ತು ಸೊನ್ನೆ ಇರುವುದು ಹೊಸಬರ ಸಾಮಾನ್ಯ ತಪ್ಪು.

ತಡವಾಗಿ ಬರುವ ಗಾಡಿ ಇದಕ್ಕಿಂತ ದೊಡ್ಡ ವಿಷಯ. ದಂಡ ಹಾಕಿದರೆ ದುಡ್ಡು ಬರುತ್ತದೆ, ಗಾಡಿ ಬರುವುದಿಲ್ಲ. ಮುಂದಿನ ಗಿರಾಕಿ ಅಲ್ಲೇ ನಿಂತಿರುತ್ತಾನೆ. ಆಸ್ಪತ್ರೆಗೆ ಹೋದವರು ಡಿಸ್ಚಾರ್ಜ್ ಹೊತ್ತು ಹೇಳಲಾರರು. ಸಿಮ್ಯುಲೇಶನ್‌ನಲ್ಲಿ ತಡವನ್ನು ಒಂದು ಹಂಚಿಕೆಯಾಗಿ ಇಡಿ, ಉದ್ದನೆಯ ಬಾಲ ಇರುವಂಥದ್ದು. ಸರಾಸರಿ 20 ನಿಮಿಷ ತಡ ಎಂದು ಒಂದೇ ಅಂಕಿ ಹಾಕಿದರೆ ಮೂರು ಗಂಟೆ ತಡವಾದ ಆ ಒಂದು ಗಾಡಿ ಎಷ್ಟು ಬುಕಿಂಗ್ ಕೆಡಿಸಿತು ಎಂಬುದೇ ಕಾಣುವುದಿಲ್ಲ.

ನಿಮ್ಮ ದಿನ ರಾತ್ರಿ 12ಕ್ಕೆ ಮುಗಿಯುತ್ತದೆ. ಸೆಲ್ಫ್ ಡ್ರೈವ್ ಗಿರಾಕಿಯ ದಿನ ಹಾಗೆ ಮುಗಿಯುವುದಿಲ್ಲ. ಶನಿವಾರ ಬೆಳಿಗ್ಗೆ ತೆಗೆದುಕೊಂಡು ಭಾನುವಾರ ಸಂಜೆ ಬಿಡುವವನು 36 ಗಂಟೆ ಗಾಡಿ ಇಟ್ಟುಕೊಳ್ಳುತ್ತಾನೆ. 18 ಗಂಟೆಯ ಕಿಟಕಿಯಲ್ಲಿ ಅಂಥ ಪ್ರಯಾಣಕ್ಕೆ ತೂರುವ ಜಾಗವೇ ಇಲ್ಲ, ಮಾಡೆಲ್ ಅದನ್ನು ಎಂದೂ ನೋಡಿಯೇ ಇಲ್ಲ. ವಾರವಿಡೀ ಸುತ್ತುವ 168 ಗಂಟೆ ಇಡಿ, ಭಾನುವಾರ ರಾತ್ರಿಯ ಸ್ಥಿತಿ ಸೋಮವಾರ ಬೆಳಗಿನ ಸ್ಥಿತಿಗೆ ಸೇರಬೇಕು. ಇಷ್ಟು ಉದ್ದಕ್ಕೆ 30 ನಿಮಿಷದ ಹೊತ್ತು ಸಾಕು, 336 ಬರುತ್ತವೆ.

ಪಾರ್ಕಿಂಗ್ ಜಾಗ ಅಂದರೆ 24 ಗಂಟೆಯೂ ಖಾಲಿ ಇರಬೇಕಾದ, ಗುರುತು ಹಾಕಿದ ಜಾಗ. ಪಿ.ಬಿ. ರಸ್ತೆಯ ಬದಿಯಲ್ಲಾಗಲಿ ಮಂಡಿಪೇಟೆಯಲ್ಲಾಗಲಿ ಅದು ಹಗಲು ಉಳಿಯುವುದಿಲ್ಲ. ಲಾಡ್ಜ್, ಆಸ್ಪತ್ರೆ, ಕಲ್ಯಾಣ ಮಂಟಪದ ಕಾಂಪೌಂಡ್ ಒಳಗೆ ಬಾಡಿಗೆಗೆ ಹಿಡಿಯಬೇಕು. ಸಂಭಾವ್ಯ ಜಾಗಗಳ ಪಟ್ಟಿಯನ್ನು ನಕ್ಷೆ ನೋಡಿ ಮಾಡಬೇಡಿ, ನಡೆದು ನೋಡಿ ಮಾಡಿ. 24ರಲ್ಲಿ 10 ಉಳಿದರೆ ಹೆಚ್ಚು.

—

ದುರ್ಗದ_ಸರ್ವೆ:

ಬೇಡಿಕೆಯ ಅಂಕಿಯ ಬಗ್ಗೆ. "ಒಟ್ಟು ಪ್ರಯಾಣದ ಇಷ್ಟು ಶೇಕಡಾ" ಎಂಬುದನ್ನು ವೈವಾದಲ್ಲಿ ಒಂದೇ ಪ್ರಶ್ನೆಯಲ್ಲಿ ಕೆಡವಬಹುದು. ನಿಟುವಳ್ಳಿಯಿಂದ ಬಸ್ ನಿಲ್ದಾಣಕ್ಕೆ ಹೋಗುವವನ ಬಳಿ ಬೈಕ್ ಇದೆ, ಇಲ್ಲದಿದ್ದರೆ ಆಟೋ ಇದೆ. ಆ ಮೂರು ಕಿಲೋಮೀಟರ್‌ಗೆ ಅವನು ಪಾಯಿಂಟ್‌ವರೆಗೆ ನಡೆದು ಕಾರು ಬಿಡಿಸಿಕೊಳ್ಳುವುದಿಲ್ಲ. ಆದರೆ ಮನೆಮಂದಿ ಐದು ಜನ ಚನ್ನಗಿರಿ ಕಡೆಯ ಊರಿಗೆ ಗೃಹಪ್ರವೇಶಕ್ಕೆ ಹೋಗಿ ಸಂಜೆಗೆ ಬರಬೇಕು ಎಂದಾಗ ಕಾರು ಬೇಕಾಗುತ್ತದೆ. ಈ ಊರಿನ ಬೇಡಿಕೆ ಅರ್ಧ ದಿನದ್ದು, ಇಡೀ ದಿನದ್ದು, ಹೊರಟಲ್ಲಿಗೇ ಮರಳುವಂಥದ್ದು.

ಆದ್ದರಿಂದ ಆಯ್ಕೆ ಸರ್ವೆಯಲ್ಲಿ (ಕಾಲ್ಪನಿಕ ಆಯ್ಕೆಗಳನ್ನು ಮುಂದಿಟ್ಟು ಯಾವುದು ಬೇಕು ಎಂದು ಕೇಳುವ ಸರ್ವೆ) ಎದುರಾಳಿ ಯಾರು ಎಂಬುದನ್ನು ಸರಿಯಾಗಿ ಇಡಿ: ಡ್ರೈವರ್ ಸಮೇತ ಬಾಡಿಗೆ ಕಾರು, ನೆಂಟರ ಕಾರು ಕೇಳಿ ತರುವುದು, ಬಸ್ಸು, ಮತ್ತು "ಹೋಗುವುದನ್ನೇ ಬಿಡುತ್ತೇನೆ". ಬದಲಾಯಿಸುವ ಅಂಶಗಳು ಐದಕ್ಕಿಂತ ಹೆಚ್ಚು ಬೇಡ: ನಡಿಗೆ ದೂರ, ಗಂಟೆಯ ದರ, ಕಿ.ಮೀ. ದರ, ಠೇವಣಿ, ಎಷ್ಟು ಮುಂಚೆ ಬುಕ್ ಮಾಡಬೇಕು. ಠೇವಣಿಯನ್ನು ಬಿಡಲೇಬೇಡಿ. ಅದು ಕೊನೆಗೆ ಮರಳುವ ಹಣವಾದರೂ ಜನ ಅದನ್ನು ಖರ್ಚಿನಂತೆಯೇ ನೋಡುತ್ತಾರೆ. ಕನಿಷ್ಠ ಎಷ್ಟು ಜನ ಬೇಕು ಎಂಬುದಕ್ಕೆ ಬಳಕೆಯ ಸೂತ್ರ: 500ನ್ನು ಅತಿ ಹೆಚ್ಚು ಮಟ್ಟಗಳಿರುವ (ಮಟ್ಟ ಎಂದರೆ ಒಂದು ಅಂಶಕ್ಕೆ ಕೊಟ್ಟು ನೋಡುವ ಬೇರೆ ಬೇರೆ ಅಂಕಿಗಳು) ಅಂಶದ ಮಟ್ಟಗಳ ಸಂಖ್ಯೆಯಿಂದ ಗುಣಿಸಿ, ಒಬ್ಬರಿಗೆ ಕೇಳುವ ಪ್ರಶ್ನೆ × ಪ್ರತಿ ಪ್ರಶ್ನೆಯ ಆಯ್ಕೆಗಳಿಂದ ಭಾಗಿಸುವುದು. 4 ಮಟ್ಟ, 8 ಪ್ರಶ್ನೆ, 2 ಆಯ್ಕೆ ಆದರೆ 2000/16 = 125. ಇದು ಒಂದೊಂದು ಗುಂಪಿಗೂ ಬೇಕು. ಕಾರಿರುವ ಮನೆ, ಬೈಕ್ ಮಾತ್ರ ಇರುವ ಮನೆ, ಹಾಸ್ಟೆಲ್ ವಿದ್ಯಾರ್ಥಿಗಳು ಎಂದು ಮೂರು ಗುಂಪಾದರೆ 375. ಕಾರಿನ ಡ್ರೈವಿಂಗ್ ಲೈಸೆನ್ಸ್ ಇದೆಯೇ ಎಂಬುದು ಮೊದಲ ಪ್ರಶ್ನೆ, ಇಲ್ಲದವರನ್ನು ಅಲ್ಲಿಗೇ ನಿಲ್ಲಿಸಿ.

ಕಾಗದದ ಮೇಲೆ "ಬಳಸುತ್ತೇನೆ" ಎಂದವರೆಲ್ಲ ನಿಜವಾಗಿ ಬಳಸುವುದಿಲ್ಲ. ಹಾಗಾಗಿ ಬೇಡಿಕೆಯನ್ನು ಅರ್ಧ, ಇದ್ದಷ್ಟು, ಎರಡು ಪಟ್ಟು ಎಂದು ಮೂರು ಸಲ ಓಡಿಸಿ. ಮೂರರಲ್ಲೂ ಉಳಿಯುವ ಪಾಯಿಂಟ್‌ಗಳು ಯಾವುವು ಎಂಬುದು ಒಂದೇ ಅಂಕಿಗಿಂತ ಗಟ್ಟಿಯಾದ ಫಲಿತಾಂಶ.

ದಿನದಿಂದ ದಿನಕ್ಕೆ ಬೇಡಿಕೆ ಏರಿಳಿಯುವುದಕ್ಕೆ ಪಂಚಾಂಗವನ್ನು ಚರಾಂಕವಾಗಿ ಬಳಸಿ. ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ಮದುವೆ ಮುಹೂರ್ತದ ದಿನಗಳು ತಿಂಗಳುಗಳ ಮೊದಲೇ ಗೊತ್ತಿರುತ್ತವೆ, ಆಷಾಢದಲ್ಲಿ ಇಳಿಯುತ್ತವೆ. ವಾರದ ದಿನಕ್ಕಿಂತ ಮುಹೂರ್ತ ಇದೆಯೋ ಇಲ್ಲವೋ ಎಂಬುದೇ ಹೆಚ್ಚು ವಿವರಿಸಬಹುದು, ಪರೀಕ್ಷಿಸಿ ನೋಡಿ. ದುರ್ಗಾಂಬಿಕಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಆ ದಿನಗಳ ಮಾಹಿತಿಯನ್ನು ಮೂಲ ಲೆಕ್ಕದಿಂದ ಬೇರೆ ಇಡಿ.

ಮುಂದೆ ಎಲ್ಲಾದರೂ ಪೈಲಟ್ ನಡೆದರೆ, ಆದ ಬುಕಿಂಗ್‌ಗಳ ಜೊತೆ ಆಗದ ಹುಡುಕಾಟವನ್ನೂ ಉಳಿಸಿಡಲು ಹೇಳಿ. ಆ್ಯಪ್ ತೆರೆದು, ಕಾರಿಲ್ಲದೆ ಮುಚ್ಚಿದವರು ಬುಕಿಂಗ್ ಪಟ್ಟಿಯಲ್ಲಿ ಇರುವುದೇ ಇಲ್ಲ. ಆದ ಪ್ರಯಾಣವನ್ನೇ ಬೇಡಿಕೆ ಎಂದು ಹಿಡಿದರೆ ಕಾರು ಕಡಿಮೆ ಇದ್ದ ಪಾಯಿಂಟ್‌ನಲ್ಲಿ ಬೇಡಿಕೆಯೂ ಕಡಿಮೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಒನ್-ವೇ ಪೂರ್ತಿ ಬಿಡಬೇಕೆಂದೇನಿಲ್ಲ. ಬೆಂಗಳೂರು–ದಾವಣಗೆರೆ ಒನ್-ವೇ ಒಂದನ್ನು ಪ್ರತ್ಯೇಕ ಅಧ್ಯಾಯವಾಗಿ ಇಡಬಹುದು ಎಂಬುದು ನನ್ನ ಅಭಿಪ್ರಾಯ.

—

ಸಂಶೋಧಕಿ_ವಿದ್ಯಾನಗರ:

ಮೂವರಿಗೂ ಧನ್ಯವಾದ. ಬಿಗ್-ಎಂ ಬದಲಿಸಿ, ಬಿಡಿ ಬೇಡಿಕೆಯ ಪಟ್ಟಿಗೆ ಇಳಿಯುತ್ತೇನೆ. ರೌಂಡ್ ಟ್ರಿಪ್ ಎಂದಾದರೆ ಕಾರು ಸಾಗಿಸುವ ಸಮಸ್ಯೆಯೇ ಇರುವುದಿಲ್ಲ. ಆಗ ಆಪ್ಟಿಮೈಸ್ ಮಾಡಲು ಉಳಿಯುವುದೇನು? ಪ್ರತಿ ಪಾಯಿಂಟ್‌ಗೆ ಎಷ್ಟು ಕಾರು ಎಂದು ಲೆಕ್ಕ ಹಾಕಿದರೆ ಮುಗಿಯಿತಲ್ಲವೇ?

—

ಹರಿಹರ_ಓಆರ್:

ಮುಗಿಯುವುದಿಲ್ಲ, ನಿಮ್ಮ ಥೀಸಿಸ್ ಅಲ್ಲೇ ಶುರುವಾಗುತ್ತದೆ. ಈ ಲೆಕ್ಕ ನೋಡಿ.

ಇಡೀ ಊರಿಗೆ ಗಂಟೆಗೆ 6 ಬೇಡಿಕೆ, ಒಂದು ಬುಕಿಂಗ್ ಸರಾಸರಿ 2.5 ಗಂಟೆ ಅಂದುಕೊಳ್ಳಿ. 6 × 2.5 = 15, ಅಂದರೆ ಸರಾಸರಿ 15 ಕಾರು ಹೊರಗೆ; ಇದನ್ನೇ ಹೊರೆ ಅನ್ನುವುದು. ಕಾರಿಲ್ಲದಿದ್ದರೆ ಗಿರಾಕಿ ಕಾಯದೆ ಹೋಗುತ್ತಾನೆ ಎಂದು, ಕೈತಪ್ಪುವ ಬೇಡಿಕೆಯ ಪಾಲನ್ನು ಹೇಳುವ ಎರ್ಲಾಂಗ್ ಬಿ ಸೂತ್ರ ಹಾಕಿದರೆ, 15 ಕಾರಿಟ್ಟಾಗ ನೂರಕ್ಕೆ 18 ಬೇಡಿಕೆ ಕೈತಪ್ಪುತ್ತದೆ. 20 ಕಾರಿಟ್ಟರೆ ಶೇ. 4.6. ಈಗ ಅದೇ 20 ಕಾರನ್ನು ಐದು ಪಾಯಿಂಟ್‌ಗೆ ನಾಲ್ಕು ನಾಲ್ಕರಂತೆ ಹಂಚಿ, ಬೇಡಿಕೆಯನ್ನೂ ಸಮವಾಗಿ ಒಡೆಯಿರಿ. ಪ್ರತಿ ಪಾಯಿಂಟ್‌ನಲ್ಲಿ 3ರ ಹೊರೆ, 4 ಕಾರು: ಶೇ. 20.6 ಕೈತಪ್ಪುತ್ತದೆ. ಕಾರು ಅಷ್ಟೇ, ಬೇಡಿಕೆ ಅಷ್ಟೇ, ನಷ್ಟ ನಾಲ್ಕು ಪಟ್ಟಿಗಿಂತ ಹೆಚ್ಚು. 2011ರ ಜನಗಣತಿಯಲ್ಲಿ ಸುಮಾರು 4.35 ಲಕ್ಷ ಜನರಿದ್ದ ಊರಿನಲ್ಲಿ 24 ಪಾಯಿಂಟ್ ಇಡುವುದು ಎಂದರೆ ಇದನ್ನೇ ಇನ್ನೂ ಚೂರು ಮಾಡುವುದು. ನಿಮ್ಮ ಸಾಲ್ವರ್ ಮೂರಕ್ಕೆ ನಿಂತದ್ದು ತಪ್ಪು ಕಾರಣಕ್ಕೆ. ಆದರೆ ಸರಿಯಾಗಿ ಬಿಡಿಸಿದರೂ ಉತ್ತರ ಹತ್ತರ ಆಚೆ ಹೋಗುವುದು ಅನುಮಾನ.

ಗಾಡಿ ಉಸ್ತುವಾರಿ ಅವರು ಹೇಳಿದ 45 ನಿಮಿಷವನ್ನು ಇದೇ ಲೆಕ್ಕಕ್ಕೆ ಸೇರಿಸಿ. 2.5 ಗಂಟೆ 3.25 ಆಗುತ್ತದೆ, ಹೊರೆ 15ರಿಂದ 19.5ಕ್ಕೆ ಏರುತ್ತದೆ. ಒಂದೇ ಕಡೆ 20 ಕಾರಿದ್ದರೂ ಶೇ. 4.6 ಇದ್ದದ್ದು ಸುಮಾರು ಶೇ. 15. ಮತ್ತೆ ಶೇ. 5ರೊಳಗೆ ತರಲು 25 ಕಾರು ಬೇಕು. ಗುಡಿಸಿ ಫೋಟೋ ತೆಗೆಯುವ ಹೊತ್ತಿಗೆ ಐದು ಕಾರಿನ ಬೆಲೆ. ಎರ್ಲಾಂಗ್ ಸೂತ್ರ ಮುಂಗಡ ಬುಕಿಂಗ್ ಇರುವಲ್ಲಿ ಅಂದಾಜು ಮಾತ್ರ, ಹಾಗಾಗಿ ಅಂತಿಮ ಅಂಕಿಯನ್ನು ಸಿಮ್ಯುಲೇಶನ್‌ನಿಂದಲೇ ಕೊಡಿ. ಆದರೆ ಸಿಮ್ಯುಲೇಶನ್ ಇದರಿಂದ ತೀರಾ ದೂರ ಹೋದರೆ ಕೋಡ್‌ನಲ್ಲಿ ತಪ್ಪಿದೆ ಎಂದು ಹುಡುಕಿ.

ಹಾಗಾಗಿ ನಿಜವಾದ ಪ್ರಶ್ನೆ: ಪಾಯಿಂಟ್ ಗಿರಾಕಿಗೆ ಹತ್ತಿರವೂ ಇರಬೇಕು, ಕಾರುಗಳು ಒಂದೇ ರಾಶಿಯಂತೆಯೂ ವರ್ತಿಸಬೇಕು. ಎರಡನ್ನೂ ಹೇಗೆ ಸಾಧಿಸುವುದು? ಒಂದು ದಾರಿ, ಪ್ರತಿ ಬೇಡಿಕೆಗೂ ನಡಿಗೆಯಲ್ಲಿ ಸಿಗುವ ಎರಡು-ಮೂರು ಪಾಯಿಂಟ್‌ಗಳನ್ನು ಕೊಡುವುದು. ಇನ್ನೊಂದು, "ಅರ್ಧ ಗಂಟೆ ಹಿಂದೆಮುಂದೆ ಆದರೆ ದರ ಕಡಿಮೆ" ಎಂದು ಹೊರಡುವ ಹೊತ್ತನ್ನು ಸಡಿಲಿಸುವುದು. ಒಂದೇ ಪಾಯಿಂಟ್, ಒಂದೇ ಬಗೆಯ ಕಾರು, ಹೊತ್ತು ಖಚಿತ ಎಂದಾದರೆ ಸಮಸ್ಯೆ ಸುಲಭ: ಎಲ್ಲ ಬುಕಿಂಗ್‌ಗೂ ಸೇವೆ ಕೊಡಲು ಬೇಕಾದ ಕಾರು ಎಂದರೆ ಒಂದೇ ಕ್ಷಣದಲ್ಲಿ ಒಂದರ ಮೇಲೊಂದು ಬೀಳುವ ಬುಕಿಂಗ್‌ಗಳ ಗರಿಷ್ಠ ಸಂಖ್ಯೆ. ಕಾರು ಕಡಿಮೆ ಇದ್ದರೆ ಯಾವುದನ್ನು ಒಪ್ಪಬೇಕು ಎಂಬುದೂ ಕನಿಷ್ಠ ವೆಚ್ಚದ ಹರಿವಾಗಿ ಬಿಡಿಸಿಕೊಳ್ಳುತ್ತದೆ. ಹೊತ್ತು ಸಡಿಲಾದ ಕೂಡಲೇ ಅದು ಎನ್‌ಪಿ-ಹಾರ್ಡ್, ಅಂದರೆ ಗಾತ್ರ ಬೆಳೆದಂತೆ ಬಿಡಿಸಲು ಬಹಳ ಕಷ್ಟವಾಗುವ ಬಗೆಯ ಸಮಸ್ಯೆ. ಸಡಿಲಿಕೆಯಿಂದ ಎಷ್ಟು ಕಾರು ಉಳಿಯುತ್ತದೆ, ಅದಕ್ಕೆ ಎಷ್ಟು ರಿಯಾಯಿತಿ ಕೊಡಬಹುದು ಎಂಬ ಅಧ್ಯಾಯಕ್ಕೆ ಯಾರೂ ಹೊಸತಲ್ಲ ಎನ್ನಲಾರರು. ಗಾತ್ರವೂ ಕೈಗೆಟುಕುತ್ತದೆ: ದಿನಕ್ಕೆ 18 ಗಂಟೆ, ಗಂಟೆಗೆ 6ರಂತೆ ವಾರಕ್ಕೆ ಸುಮಾರು 750 ಬೇಡಿಕೆ, ತಲಾ 3 ಪಾಯಿಂಟ್, 2,250 ಚರಾಂಕ. ಹೊತ್ತಿನ ಆಯ್ಕೆ ಮೂರಾದರೆ 6,750.

ಸ್ವಿಟ್ಜರ್‌ಲೆಂಡಿನ ಮೊಬಿಲಿಟಿ ಎಂಬ ಕಾರ್ ಶೇರಿಂಗ್ ಸಂಸ್ಥೆ 1997ರಿಂದ ಮುಖ್ಯವಾಗಿ ಪಾಯಿಂಟ್‌ಗೇ ಮರಳಿಸುವ ಪದ್ಧತಿಯ ಮೇಲೆ ನಿಂತಿದೆ. ಪ್ಯಾರಿಸಿನ ಒನ್-ವೇ ಆಟೋಲಿಬ್ 2011ರ ಡಿಸೆಂಬರ್‌ನಲ್ಲಿ ಶುರುವಾಗಿ 2018ರಲ್ಲಿ ನಿಂತಿತು. ರೌಂಡ್ ಟ್ರಿಪ್ ಹಳತು ಎಂದು ಯಾರಾದರೂ ಅಂದರೆ ಈ ಎರಡನ್ನು ಮುಂದಿಡಿ.

ದುರ್ಗದ ಸರ್ವೆ ಅವರ ಬೆಂಗಳೂರು ಒನ್-ವೇ ಅಧ್ಯಾಯಕ್ಕೆ ನನ್ನ ಒಪ್ಪಿಗೆ ಇಲ್ಲ. ಸುಮಾರು 260 ಕಿ.ಮೀ. ಖಾಲಿ ಕಾರು ತರಬೇಕಾದರೆ ಲೀಟರಿಗೆ 18 ಕಿ.ಮೀ. ಲೆಕ್ಕದಲ್ಲಿ ಸುಮಾರು 14.4 ಲೀಟರ್ ಪೆಟ್ರೋಲ್, ಟೋಲ್, ಡ್ರೈವರ್‌ನ ಒಂದು ದಿನ, ಅವನ ವಾಪಸ್ ಬಸ್ ಚಾರ್ಜ್.

—

ದುರ್ಗದ_ಸರ್ವೆ:

ದಿನದ ಲೆಕ್ಕ ಹಿಡಿದರೆ ನೀವು ಹೇಳಿದ್ದು ಸರಿ ಸರ್. ವಾರದ ಲೆಕ್ಕ ಹಿಡಿಯಿರಿ. ಶುಕ್ರವಾರ ಸಂಜೆ ಬೆಂಗಳೂರಿನಿಂದ ಬಂದ ಕಾರು ಭಾನುವಾರ ಸಂಜೆ ಇನ್ನೊಬ್ಬರ ಕೈಯಲ್ಲಿ ಅಲ್ಲಿಗೇ ಹೋಗುತ್ತದೆ. ಖಾಲಿ ಓಟಕ್ಕಿಂತ ದೊಡ್ಡ ಪ್ರಶ್ನೆ ಶನಿವಾರ ಆ ಕಾರುಗಳು ದಾವಣಗೆರೆಯಲ್ಲಿ ನಿಲ್ಲುವ ಜಾಗದ್ದು, ಮತ್ತು ಅವು ಆ ದಿನ ಇಲ್ಲಿನ ಮದುವೆ ಬುಕಿಂಗ್‌ಗೆ ಸಿಗುತ್ತವೆಯೇ ಎಂಬುದರದ್ದು. 168 ಗಂಟೆಯ ಮಾಡೆಲ್ ಹೇಗೂ ಬರೆಯುತ್ತಿದ್ದೀರಲ್ಲ ಮೇಡಂ, ಬೆಂಗಳೂರನ್ನು 11ನೇ ಪಾಯಿಂಟ್ ಆಗಿ ಸೇರಿಸಿ, ಶುಕ್ರವಾರ ಬರುವ ಕಾರಿಗೂ ಭಾನುವಾರ ಹೋಗುವ ಕಾರಿಗೂ ನಡುವಿನ ವ್ಯತ್ಯಾಸ ಎಷ್ಟಾದರೆ ಖಾಲಿ ಓಟ ಲಾಭವನ್ನು ತಿಂದುಹಾಕುತ್ತದೆ ಎಂಬ ಗಡಿಯನ್ನಷ್ಟೇ ಕಂಡುಹಿಡಿಯಿರಿ.

—

ಗಾಡಿ_ಉಸ್ತುವಾರಿ_ಕೆಎ17:

ಸೇರಿಸುವುದಾದರೆ ಬೆಂಗಳೂರಿನಿಂದ ಬಂದ ಕಾರಿಗೆ 45 ನಿಮಿಷ ಸಾಲದು, ಎರಡು ಗಂಟೆ ಇಡಿ. ಶುಕ್ರವಾರ ರಾತ್ರಿ 11ರ ಮೇಲೆ ಬರುವ ಕಾರುಗಳನ್ನು ಶನಿವಾರ ಬೆಳಿಗ್ಗೆ 6ರ ಮದುವೆ ಬುಕಿಂಗ್‌ಗೆ ಕೊಡುವುದಿಲ್ಲ ಎಂಬ ನಿರ್ಬಂಧವನ್ನೂ ಹಾಕಿ.